ಲಾಂಗ್ ರೈಡ್‌ಗೆ ಬೈಕ್ ಸೀಟು ಆರಿಸೋದು ಹೇಗೆ: ಮೆತ್ತಗಿರೋದಲ್ಲ, ನಿಮಗೆ ಹೊಂದೋದು ಹುಡುಕಿ

ಬೆಂಗಳೂರಿಂದ ಮಂಗಳೂರಿಗೆ ಹೊರಟಿದ್ದೆ, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಒಬ್ಬನೇ. ಯಡಿಯೂರು ದಾಟೋವರೆಗೂ ರಾಜನ ಥರ ಕೂತಿದ್ದೆ, ಚನ್ನರಾಯಪಟ್ಟಣ ಬರೋಷ್ಟ್ರಲ್ಲಿ ಒಂದ್ಸಲ ಎಡಕ್ಕೆ ಒಂದ್ಸಲ ಬಲಕ್ಕೆ ಜರುಗೋದು ಶುರುವಾಯ್ತು, ಹಾಸನ ದಾಟಿದ್ಮೇಲಂತೂ ಗೇರ್ ಬದಲಾಯಿಸಿದ್ದಕ್ಕಿಂತ ಅಂಡು ಬದಲಾಯಿಸಿದ್ದೇ ಜಾಸ್ತಿ. ಸಕಲೇಶಪುರದಲ್ಲಿ ಟೀ ಅಂಗಡಿಯವ್ರು ಪಾಪ ಸ್ಟೂಲ್ ಎಳೆದು ಕೂತ್ಕೊಳಿ ಸಾರ್ ಅಂದ್ರು, ಬೇಡ ಅಣ್ಣ ನಿಂತ್ಕೊಂಡೇ ಕುಡೀತೀನಿ ಅಂದೆ. ಮುಂದೆ ಶಿರಾಡಿ ಘಾಟು ಬಾಕಿ ಇತ್ತು.

ವಾಪಸ್ ಬಂದ ವಾರಾನೇ ಒಂದು ಅಂಗಡಿಗೆ ಹೋಗಿ ಜೆಲ್ ಹಾಕಿಸಿ ಎರಡಿಂಚು ಸ್ಪಾಂಜ್ ಸೇರಿಸಿ ಸೀಟ್ ರೆಡಿ ಮಾಡಿಸ್ದೆ. ಅಂಗಡಿ ಮುಂದೆ ಕೂತ್ ನೋಡಿದ್ರೆ ಥೇಟ್ ಸೋಫಾ. ಮುಂದಿನ ಭಾನುವಾರ ಅದೇ ರೋಡಲ್ಲಿ ಹೋದೆ, ಈ ಸಲ ಕುಣಿಗಲ್ಲಿಗೇ ನೋವು ಬಂತು! ದುಡ್ಡು ಕೊಟ್ಟು ನೋವನ್ನ ಇನ್ನೂ ಹತ್ರ ತಂದುಕೊಂಡಂಗಾಯ್ತು. ಆಮೇಲೆ ಎರಡು ವರ್ಷ, ಮೂರು ಸೀಟು, ಒಂದು ಗಾಳಿ ಕುಶನ್, ಮನೆಯವಳ ಹತ್ರ ಬೈಗುಳ ಎಲ್ಲಾ ಆದ್ಮೇಲೆ ಕಲ್ತಿದ್ದನ್ನ ಇಲ್ಲಿ ಹಾಕ್ತಿದೀನಿ. ಉದ್ದ ಇದೆ, ಆದ್ರೆ ಸೀಟಿಗೆ ದುಡ್ಡು ಹಾಕೋ ಮುಂಚೆ ಒಂದ್ಸಲ ಪೂರ್ತಿ ಓದಿ.

ಮೊದಲು, ಮೆತ್ತಗಿದ್ರೆ ಯಾಕೆ ನೋವು ಜಾಸ್ತಿ?

ನಾವು ನೆಟ್ಟಗೆ ಕೂತಾಗ ಮೈಭಾರದ ಬಹುಪಾಲು ಬೀಳೋದು ಎರಡು ಪುಟ್ಟ ಮೂಳೆ ಮೇಲೆ. ಡಾಕ್ಟರುಗಳು ಇಸ್ಕಿಯಲ್ ಟ್ಯೂಬರಾಸಿಟಿ ಅಂತಾರೆ, ನಾನು ಕೂರೋ ಮೂಳೆ ಅಂತೀನಿ. ಅಂಗೈ ಮೇಲೆ ಕೂತ್ ನೋಡಿ, ಎರಡು ಗಂಟು ಚುಚ್ಚುತ್ತೆ, ಅವೇ. ಸ್ಪಾಂಜ್ ತೀರಾ ಮೆತ್ತಗಿದ್ರೆ ಈ ಮೂಳೆಗಳು ಅದನ್ನ ಅದುಮಿಕೊಂಡು ಕೆಳಗಿರೋ ಬೇಸ್ ಪ್ಲೇಟ್‌ವರೆಗೂ ಇಳೀತವೆ, ಅಂದ್ರೆ ಅರ್ಧ ಗಂಟೆ ಆದ್ಮೇಲೆ ನೀವು ಕೂತಿರೋದು ಸ್ಪಾಂಜ್ ಮೇಲಲ್ಲ, ಪ್ಲಾಸ್ಟಿಕ್ ತಟ್ಟೆ ಮೇಲೆ. ಅದರ ಜೊತೆಗೆ ಸುತ್ತ ಇರೋ ಸ್ಪಾಂಜ್ ಉಬ್ಬಿ ತೊಡೆ ಸಂದಿಗೆ, ನರಗಳು ಹೋಗೋ ಜಾಗಕ್ಕೆ ಒತ್ತುತ್ತೆ. ಮೂಳೆಗೆ ಆಸರೆ ಇಲ್ಲ, ಮಾಂಸಕ್ಕೆ ಒತ್ತಡ, ಎರಡೂ ಕಡೆ ಲಾಸು. ಆಫೀಸಲ್ಲಿ ಗಟ್ಟಿ ಕುರ್ಚಿ ಮೇಲೆ ದಿನಪೂರ್ತಿ ಕೂರ್ತೀವಿ, ಬೀನ್ ಬ್ಯಾಗ್ ಮೇಲೆ ಒಂದು ಗಂಟೆ ಕೂರೋಕಾಗಲ್ಲ, ಇದೂ ಅದೇ ಕಥೆ.

ಸ್ಟೆಪ್ 1: ನೋವು ಎಲ್ಲಿ, ಎಷ್ಟು ಕಿಲೋಮೀಟರಿಗೆ ಅಂತ ಬರ್ಕೊಳಿ

"ಹಿಂದೆ ನೋವು ಸಾರ್" ಅಂದ್ರೆ ಸೀಟ್ ಮಾಡೋರಿಗೆ ಏನೂ ಗೊತ್ತಾಗಲ್ಲ, ಇನ್ನೊಂದಿಂಚು ಸ್ಪಾಂಜ್ ಹಾಕಿ ಕಳಿಸ್ತಾರೆ ಅಷ್ಟೇ. ಒಂದು ಇನ್ನೂರು ಕಿಲೋಮೀಟರ್ ಹೋಗಿ ಬನ್ನಿ, ಪ್ರತಿ ಸ್ಟಾಪಲ್ಲೂ ಮೊಬೈಲಲ್ಲಿ ಒಂದು ವಾಯ್ಸ್ ನೋಟ್ ಹಾಕ್ಕೊಳಿ, ಓಡೋಮೀಟರ್ ಎಷ್ಟು, ಎಲ್ಲಿ ನೋವು, ಯಾವ ಥರದ ನೋವು ಅಂತ. ನನ್ನ ನೋಟು ಹಿಂಗಿತ್ತು: "62, ಏನಿಲ್ಲ. 110, ಎಡಗಡೆ ಮೂಳೆ ಉರೀತಿದೆ. 145, ಮುಂದಕ್ಕೆ ಜಾರ್ತಿದೀನಿ, ಟ್ಯಾಂಕ್‌ಗೆ ಒತ್ತುತ್ತಿದೆ." ಈ ಮೂರನೇ ಸಾಲಲ್ಲೇ ಅರ್ಧ ಉತ್ತರ ಇತ್ತು, ನನಗೆ ಗೊತ್ತಾಗಿದ್ದು ಮಾತ್ರ ಆಮೇಲೆ.

ಎರಡು ಮೂಳೆ ಮೇಲೆ ಮಾತ್ರ ಉರಿ ನೋವು ಇದ್ರೆ ಸ್ಪಾಂಜ್ ಸತ್ತಿದೆ ಅಥವಾ ಸೀಟ್ ಅಗಲ ಸಾಲ್ತಿಲ್ಲ. ಬೆನ್ನಿನ ತುದಿ, ಟೈಲ್ ಬೋನ್ ಹತ್ರ ನೋವಂದ್ರೆ ಸೊಂಟ ಹಿಂದಕ್ಕೆ ಮಡಚಿಕೊಂಡು ಕೂತಿದೀರ ಅಂತರ್ಥ, ಕಾಲು ಮುಂದಕ್ಕೆ ಚಾಚೋ ಕ್ರೂಸರ್ ಬೈಕ್‌ಗಳಲ್ಲಿ ಇದು ಜಾಸ್ತಿ. ಒಳತೊಡೆ ಉಜ್ಜಿದ್ರೆ ಸೀಟಿನ ಮೂತಿ (ಟ್ಯಾಂಕ್ ಹತ್ರದ ಭಾಗ) ತುಂಬಾ ದಪ್ಪ ಇದೆ, ಇಲ್ಲಾ ಅಂಚು ಚೂಪಾಗಿದೆ. ಮುಂದಿನ ಭಾಗ ಮರಗಟ್ಟಿ ಜೋಮು ಹಿಡಿದ್ರೆ ಮಾತ್ರ ಹುಷಾರು, ಅದು ನರದ ಮೇಲೆ ಒತ್ತಡ, ಸೀಟು ಟ್ಯಾಂಕ್ ಕಡೆಗೆ ಇಳಿಜಾರಾಗಿದ್ದು ನೀವು ಜಾರಿ ಜಾರಿ ಅಲ್ಲೇ ಕೂರ್ತಿದೀರ ಅಂತ. ಹೆಂಗಸ್ರು ಗಂಡಸ್ರು ಇಬ್ಬರಿಗೂ ಆಗುತ್ತೆ, ನಾಚಿಕೆ ಪಟ್ಕೊಂಡು ಯಾರೂ ಹೇಳಲ್ಲ. ಗಾಡಿ ಇಳಿದ್ಮೇಲೂ ಜೋಮು ಹೋಗ್ತಿಲ್ಲ ಅಂದ್ರೆ ಸೀಟ್ ಅಂಗಡಿಗಲ್ಲ, ಡಾಕ್ಟರ್ ಹತ್ರ ಹೋಗಿ.

ಮಂಡಿ ನೋವಂದ್ರೆ ಸೀಟಿಗೂ ಕಾಲಿಡೋ ಫುಟ್‌ಪೆಗ್‌ಗೂ ಅಂತರ ಕಮ್ಮಿ. ಭುಜ, ಕುತ್ತಿಗೆ ನೋವಂದ್ರೆ ಹ್ಯಾಂಡಲ್ ದೂರ, ಅದಕ್ಕೆ ಸೀಟ್ ಬದಲಾಯಿಸಿ ಪ್ರಯೋಜನ ಇಲ್ಲ.

ಸ್ಟೆಪ್ 2: ಸೀಟಿನ ತಪ್ಪೇ ಹೌದಾ ನೋಡಿ

ಈ ಸ್ಟೆಪ್‌ಗೆ ದುಡ್ಡು ಖರ್ಚಿಲ್ಲ, ಅದಕ್ಕೇ ಎಲ್ರೂ ಬಿಟ್ಬಿಡ್ತಾರೆ.

ಹಿಂದಿನ ಜೇಬಲ್ಲಿ ಪರ್ಸ್ ಇದ್ಯಾ? ತೆಗೀರಿ. ನನಗೆ ಎಡಗಡೆ ಮಾತ್ರ ಉರೀತಿತ್ತಲ್ಲ, ಕಾರಣ ಬಲಗಡೆ ಜೇಬಲ್ಲಿ ಡಿಎಲ್, ಆರ್‌ಸಿ, ಹಳೇ ಬಿಲ್ಲು, ದೇವರ ಫೋಟೋ ಎಲ್ಲಾ ತುಂಬಿಕೊಂಡಿದ್ದ ಪರ್ಸು. ಸೊಂಟ ಒಂದು ಕಡೆ ಎತ್ತಿಕೊಂಡು ಇನ್ನೊಂದು ಮೂಳೆ ಮೇಲೆ ಭಾರ ಬೀಳ್ತಿತ್ತು. ಎಷ್ಟೋ ಸಾವಿರ ಉಳೀತಿತ್ತು ಅದನ್ನ ಮೊದಲೇ ನೋಡಿದ್ರೆ.

ಆಮೇಲೆ ಬಟ್ಟೆ. ಜೀನ್ಸಲ್ಲಿ ನಾಲ್ಕು ಹೊಲಿಗೆ ಸೇರೋ ಜಾಗ ಸರಿಯಾಗಿ ನೀವು ಕೂರೋ ಜಾಗ, ಅದರ ಕೆಳಗೆ ಬೆವರು ಹೀರಿ ಒದ್ದೆ ಆಗಿರೋ ಕಾಟನ್ ಒಳಉಡುಪು, ಅದರ ಅಂಚು, ಇಷ್ಟು ಸಾಕು ಚರ್ಮ ಕೆಂಪಾಗೋಕೆ. ಬೇಗ ಒಣಗೋ ಬಟ್ಟೆದು, ಉದ್ದ ಕಾಲಿನದು, ನಡುವೆ ದಪ್ಪ ಹೊಲಿಗೆ ಇಲ್ಲದ್ದು ಹಾಕ್ಕೊಳಿ. ಸೈಕಲ್ ಹೊಡೆಯೋರ ಪ್ಯಾಡೆಡ್ ಶಾರ್ಟ್ಸ್ ಕೆಲವರಿಗೆ ತುಂಬಾ ಚೆನ್ನಾಗಿ ಹೊಂದುತ್ತೆ, ಅದರೊಳಗೆ ಇನ್ನೊಂದು ಒಳಉಡುಪು ಹಾಕ್ಕೋಬೇಡಿ, ಹಾಕ್ಕೊಂಡ್ರೆ ಅದರ ಉಪಯೋಗಾನೇ ಹೋಯ್ತು.

ಮೂರನೇದು ಹಿಂದಿನ ಸಸ್ಪೆನ್ಶನ್. ಹೆಂಡತಿ ಮಕ್ಕಳು ಲಗೇಜು ಅಂತ ಯಾವಾಗಲೋ ಪ್ರಿಲೋಡ್, ಅಂದ್ರೆ ಸ್ಪ್ರಿಂಗ್ ಬಿಗಿತ, ಗಟ್ಟಿ ಮಾಡಿಸಿರ್ತೀವಿ, ಆಮೇಲೆ ಒಬ್ರೇ ಓಡಿಸ್ತಾ ಇರ್ತೀವಿ. ಎರಡು ಶಾಕ್ ಇರೋ ಎಷ್ಟೋ ಗಾಡಿಗಳಲ್ಲಿ ಶಾಕ್ ಅಬ್ಸಾರ್ಬರ್ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಒಂದು ರಿಂಗ್ ಇರುತ್ತೆ, ಸ್ಪ್ಯಾನರ್ ಹಾಕಿ ತಿರುಗಿಸಿದ್ರೆ ಆಯ್ತು, ಎರಡೂ ಕಡೆ ಒಂದೇ ಮೆಟ್ಟಿಲಲ್ಲಿ ಇರ್ಬೇಕು ಅನ್ನೋದೊಂದು ನೆನಪಿರಲಿ. ಟೈರ್ ಗಾಳಿಯೂ ಅಷ್ಟೇ, ಪಂಪಿನವ್ರು ಕಣ್ಣಳತೆಗೆ ತುಂಬಿದ್ದಲ್ಲ, ಗಾಡಿ ಮ್ಯಾನ್ಯುಯಲ್ಲಲ್ಲಿ ಬರೆದಿರೋದು.

ಇಷ್ಟು ಮಾಡಿ ಇನ್ನೊಂದ್ಸಲ ಅದೇ ರೋಡಿಗೆ ಹೋಗಿ ಬನ್ನಿ. ಎಪ್ಪತ್ತಕ್ಕೆ ಬರ್ತಿದ್ದ ನೋವು ಈಗ ನೂರೈವತ್ತು ಕಿಲೋಮೀಟರಿಗೆ ಬರ್ತಿದ್ರೆ ಸೀಟ್ ತಂಟೆಗೇ ಹೋಗ್ಬೇಡಿ.

ಸ್ಟೆಪ್ 3: ನಿಮ್ಮ ಅಳತೆ ತಗೊಳಿ

ಒಂದು ಹಳೇ ರಟ್ಟಿನ ಡಬ್ಬ ಬಿಚ್ಚಿ, ಆ ಅಲೆ ಅಲೆ ಇರೋ ರಟ್ಟು ಬೇಕು, ಫ್ರಿಡ್ಜೋ ಮಿಕ್ಸಿಯೋ ಬಂದಿದ್ದು. ಗಟ್ಟಿ ಮಣೆ ಅಥವಾ ಸ್ಟೂಲ್ ಮೇಲೆ ಹಾಕಿ, ತೆಳು ಬಟ್ಟೆಲಿ ಅದರ ಮೇಲೆ ಕೂತು, ಬೈಕಲ್ಲಿ ಬಗ್ಗೋಷ್ಟೇ ಮುಂದಕ್ಕೆ ಬಗ್ಗಿ ಎರಡು ನಿಮಿಷ ಅಲ್ಲಾಡದೆ ಇರಿ. ಎದ್ದು ನೋಡಿದ್ರೆ ರಟ್ಟಲ್ಲಿ ಎರಡು ಗುಳಿ ಬಿದ್ದಿರುತ್ತೆ, ಕಾಣಿಸ್ಲಿಲ್ಲ ಅಂದ್ರೆ ಬೆರಳಾಡಿಸಿ ಗೊತ್ತಾಗುತ್ತೆ, ಇಲ್ಲಾ ಬಳಪ ಅಡ್ಡ ಹಿಡಿದು ಮೇಲೆ ಉಜ್ಜಿ. ಒಂದರ ನಡುವಿಂದ ಇನ್ನೊಂದರ ನಡುವಿಗೆ ಟೇಪ್ ಹಿಡೀರಿ. ಹೆಚ್ಚುಕಮ್ಮಿ 10ರಿಂದ 14 ಸೆಂ.ಮೀ. ಒಳಗೆ ಬರುತ್ತೆ, ಹೆಂಗಸರಿಗೆ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ. ದಪ್ಪ ಸಣ್ಣಕ್ಕೂ ಇದಕ್ಕೂ ಸಂಬಂಧ ಕಮ್ಮಿ, ಇದು ಮೂಳೆ ಲೆಕ್ಕ.

ಈಗ ಬೈಕ್ ಮೇಲೆ ಕೂತು ನೀವು ನಿಜವಾಗ್ಲೂ ಕೂರೋ ಜಾಗದಲ್ಲಿ ಎರಡೂ ಕಡೆ ಟೇಪ್ ಅಂಟಿಸಿ ಗುರುತು ಮಾಡಿ, ಇಳಿದು ಅಲ್ಲಿ ಸೀಟಿನ ಸಪಾಟಾದ ಅಗಲ ಅಳೀರಿ. ಅಂಚು ಬಗ್ಗಿ ಇಳಿಯೋ ಭಾಗ ಲೆಕ್ಕಕ್ಕಿಲ್ಲ. ಎರಡು ಮೂಳೆ ಕೂತು ಆಚೆ ಈಚೆ ಮೂರ್ನಾಲ್ಕು ಸೆಂ.ಮೀ. ಆದ್ರೂ ಉಳೀಬೇಕು. ಮೂಳೆ ಇಳಿಜಾರಿನ ಮೇಲೆ ಬಿದ್ರೆ ಕಥೆ ಮುಗೀತು, ಎಂಥಾ ಸ್ಪಾಂಜ್ ಹಾಕಿದ್ರೂ ಅಷ್ಟೇ.

ಎತ್ತರಾನೂ ನೋಡ್ಕೊಳಿ. ಕ್ಲಾಸಿಕ್ 350 ಸೀಟು 805 ಮಿ.ಮೀ., ಮೀಟಿಯರ್ 350 765, ಹಿಮಾಲಯನ್ 450 ಆದ್ರೆ 825ರಿಂದ 845ರವರೆಗೆ ಏರಿಸಿ ಇಳಿಸಬಹುದು. ಒಂದಿಂಚು ಸ್ಪಾಂಜ್ ಅಂದ್ರೆ 25 ಮಿ.ಮೀ., ಕೇಳೋಕೆ ಏನೂ ಇಲ್ಲ, ಆದ್ರೆ ಘಾಟಲ್ಲಿ ಟ್ರಾಫಿಕ್ ಜಾಮಾಗಿ ಇಳಿಜಾರಲ್ಲಿ ಕಾಲು ಊರ್ಬೇಕಾದಾಗ ಆ ಒಂದಿಂಚಿನ ಬೆಲೆ ಗೊತ್ತಾಗುತ್ತೆ. ಎತ್ತರ ಏರಿಸದೇ ಇದ್ರೂ ಮುಂದಿನ ಭಾಗ ಅಗಲ ಮಾಡಿದ್ರೆ ಕಾಲು ಅಗಲಕ್ಕೆ ಹೋಗಿ ನೆಲ ಎಟುಕಲ್ಲ, ಇದನ್ನ ಬಹಳ ಜನ ಮರೀತಾರೆ. ಎತ್ತರ ಇರೋರಿಗೆ ಇದೇ ಉಲ್ಟಾ ಲಾಭ, ಒಂದಿಂಚು ಏರಿದ್ರೆ ಮಂಡಿ ಬಿಚ್ಚಿಕೊಳ್ಳುತ್ತೆ.

ಸ್ಟೆಪ್ 4: ಆಕಾರ ಮೊದಲು, ಸ್ಪಾಂಜ್ ಆಮೇಲೆ

ನನ್ನ ಕೇಳಿದ್ರೆ ಸೀಟಲ್ಲಿ ಮುಕ್ಕಾಲು ಪಾಲು ಆಕಾರ, ಮಿಕ್ಕಿದ್ದು ಸ್ಪಾಂಜ್. ಆದ್ರೆ ಅಂಗಡೀಲಿ ಮಾರೋದು ಪೂರ್ತಿ ಉಲ್ಟಾ, ಯಾಕಂದ್ರೆ ಸ್ಪಾಂಜ್ ಒತ್ತಿ ತೋರಿಸ್ಬಹುದು, ಆಕಾರ ಒತ್ತಿ ತೋರಿಸೋಕಾಗಲ್ಲ.

ಇಳಿಜಾರು ನೋಡೋಕೆ ಸುಲಭದ ದಾರಿ: ಗಾಡಿ ಸೆಂಟರ್ ಸ್ಟ್ಯಾಂಡ್ ಬದಲು ಯಾರಾದ್ರೂ ನೆಟ್ಟಗೆ ಹಿಡ್ಕೊಳ್ಳಲಿ, ಎರಡೂ ಚಕ್ರ ಸಮ ನೆಲದ ಮೇಲಿರಲಿ, ಸೀಟಲ್ಲಿ ನೀವು ಕೂರೋ ಜಾಗದಲ್ಲಿ ಒಂದು ಸಣ್ಣ ಪಟ್ಟಿ ಉದ್ದಕ್ಕೆ ಇಟ್ಟು ಅದರ ಮೇಲೆ ಮೊಬೈಲಿನ ಲೆವೆಲ್ ಆ್ಯಪ್ ಇಡಿ. ಸಮ ಇದ್ರೆ, ಇಲ್ಲಾ ಹಿಂದಕ್ಕೆ ತುಸು ವಾಲಿದ್ರೆ ಒಳ್ಳೇದು. ಮುಂದಕ್ಕೆ ವಾಲಿದ್ರೆ ಪ್ರತಿ ಬ್ರೇಕಿಗೂ ಜಾರ್ತೀರ, ಜಾರಿದಾಗೆಲ್ಲ ಕೈಯಲ್ಲಿ ಹ್ಯಾಂಡಲ್ ತಳ್ಳಿ ಹಿಂದಕ್ಕೆ ಹೋಗ್ತೀರ, ಸಂಜೆಗೆ ಮಣಿಕಟ್ಟು ನೋವು, ಆಗ ಹ್ಯಾಂಡಲ್ ಬದಲಾಯಿಸೋಣ ಅನ್ಸುತ್ತೆ! ನನ್ನ ಸೀಟಲ್ಲಿ ಮಾಡಿದ ಒಂದೇ ಒಳ್ಳೇ ರಿಪೇರಿ ಇದು, ಮುಂದಿನ ಭಾಗಕ್ಕೆ ಬೆಣೆ ಥರ ಒಂದು ಗಟ್ಟಿ ಸ್ಪಾಂಜ್ ತುಂಡು ಕೊಟ್ಟು ಇಳಿಜಾರು ತೆಗೆಸಿದ್ದು. ಎರಡು ಬೆರಳು ದಪ್ಪ ಕೂಡ ಇರ್ಲಿಲ್ಲ.

ಮೆಟ್ಟಿಲು ಥರದ ಸೀಟು, ಅಂದ್ರೆ ಹಿಂದೆ ಪಿಲಿಯನ್ ಜಾಗ ಎತ್ತರ ಇದ್ದು ಅದು ನಿಮ್ಮ ಸೊಂಟಕ್ಕೆ ಆತುಕೊಳ್ಳೋದು, ನೋಡೋಕೆ ಆರಾಮ ಅನ್ಸುತ್ತೆ, ಬೆನ್ನಿಗೆ ಆಸರೇನೂ ಹೌದು. ಆದ್ರೆ ಒಂದೇ ಜಾಗಕ್ಕೆ ಕಟ್ಟಿ ಹಾಕುತ್ತೆ. ಲಾಂಗ್ ರೈಡಲ್ಲಿ ಮುಂದೆ ಹಿಂದೆ ಎರಡಿಂಚು ಜರುಗೋಕೆ ಜಾಗ ಇರೋದೇ ದೊಡ್ಡ ಸುಖ. ಹಳೇ ಕಾಲದ ಉದ್ದ ಚಪ್ಪಟೆ ಸೀಟಿನ ಗಾಡಿಗಳಲ್ಲಿ ನಮ್ಮ ಅಪ್ಪಂದಿರು ಇಡೀ ಸಂಸಾರ ಹೇರ್ಕೊಂಡು ಧರ್ಮಸ್ಥಳಕ್ಕೆ ಹೋಗಿ ಬಂದ್ರೆ ಅದಕ್ಕೆ ಆ ಸೀಟಿನ ಪಾಲೂ ಇತ್ತು (ಸ್ಪೀಡು ಅರವತ್ತು ದಾಟ್ತಿರ್ಲಿಲ್ಲ ಅನ್ನೋದೂ ಇತ್ತು ಬಿಡಿ).

ಮೂತಿ, ಅಂದ್ರೆ ಟ್ಯಾಂಕ್ ಹತ್ರದ ಭಾಗ ಸಣ್ಣಗಿರ್ಬೇಕು, ಅಂಚು ಗುಂಡಗಿರ್ಬೇಕು. ಹಿಂದೆ ಅಗಲ. ಇನ್ನು ನಡುವೆ ಉದ್ದಕ್ಕೆ ಕಾಲುವೆ ಕೊರೆದಿರೋದು ಜೋಮು ಹಿಡಿಯೋರಿಗೆ, ಟೈಲ್ ಬೋನ್ ಪೆಟ್ಟು ತಿಂದೋರಿಗೆ ನಿಜವಾಗ್ಲೂ ಉಪಯೋಗ, ಮಿಕ್ಕೋರಿಗೆ ಬರೀ ಡಿಸೈನು.

ಸ್ಟೆಪ್ 5: ಒಳಗೆ ಏನಿದೆ

ಡೆನ್ಸಿಟಿ ಬೇರೆ, ಗಟ್ಟಿತನ ಬೇರೆ. ಡೆನ್ಸಿಟಿ ಅಂದ್ರೆ ಒಂದು ಘನ ಮೀಟರ್ ಸ್ಪಾಂಜ್ ಎಷ್ಟು ಕೆ.ಜಿ. ತೂಗುತ್ತೆ ಅಂತ, ಅದು ಜಾಸ್ತಿ ಇದ್ರೆ ಸಾಮಾನ್ಯವಾಗಿ ಬಾಳಿಕೆ ಜಾಸ್ತಿ. ಗಟ್ಟಿತನ ಅಂದ್ರೆ ಅದುಮೋಕೆ ಎಷ್ಟು ಬಲ ಬೇಕು ಅನ್ನೋದು. ಡೆನ್ಸಿಟಿ ಜಾಸ್ತಿ ಇದ್ದು ಮೆತ್ತಗಿರೋ ಸ್ಪಾಂಜೂ ಇದೆ, ಡೆನ್ಸಿಟಿ ಕಮ್ಮಿ ಇದ್ದು ಮೊದಮೊದಲು ಗಟ್ಟಿ ಇದ್ದು ಆರು ತಿಂಗಳಿಗೆ ಹಪ್ಪಳ ಆಗೋದೂ ಇದೆ. "ಹೈ ಡೆನ್ಸಿಟಿ ಸಾರ್" ಅಂದ್ರೆ ಎಷ್ಟು ಅಂತ ಕೇಳಿ, ನಂಬರ್ ಹೇಳಲಿಲ್ಲ ಅಂದ್ರೆ ಅದು ಬರೀ ಬಾಯಿಮಾತು.

ಎಚ್‌ಆರ್ (ಹೈ ರೆಸಿಲಿಯನ್ಸ್) ಫೋಮ್ ಅಂತ ಬರುತ್ತೆ, ಒತ್ತಿ ಬಿಟ್ರೆ ಚಂಗನೆ ಎದ್ದು ಬರೋದು, ಸೀಟಿಗೆ ಮುಖ್ಯ ಭಾಗ ಇದೇ ಆಗಿರಲಿ. ರೀಬಾಂಡೆಡ್ ಅಂದ್ರೆ ಸ್ಪಾಂಜ್ ಚೂರುಗಳನ್ನ ಪುಡಿ ಮಾಡಿ ಒತ್ತಿ ಅಂಟಿಸಿದ್ದು, ಕತ್ತರಿಸಿದ್ರೆ ಒಳಗೆ ಬಣ್ಣ ಬಣ್ಣದ ಚೂರು ಕಾಣುತ್ತೆ, ಇದು ಗಟ್ಟಿ, ಕೆಳಗಡೆ ಪದರಕ್ಕೆ ಪರವಾಗಿಲ್ಲ, ನೇರ ಅದರ ಮೇಲೆ ಕೂತ್ರೆ ಮಣೆ ಮೇಲೆ ಕೂತಂಗೆ. ಮೆಮೊರಿ ಫೋಮ್ 1966ರಲ್ಲಿ ನಾಸಾಗೋಸ್ಕರ ವಿಮಾನದ ಸೀಟಿಗೆ ಅಂತ ಹುಟ್ಟಿದ್ದು, ಮೈ ಆಕಾರಕ್ಕೆ ಬಗ್ಗುತ್ತೆ, ಆದ್ರೆ ಬಿಸಿಗೆ ಮೆತ್ತಗಾಗುತ್ತೆ ಚಳಿಗೆ ಗಟ್ಟಿಯಾಗುತ್ತೆ. ಜನವರಿ ಬೆಳಗಿನ ಜಾವ ಮುಳ್ಳಯ್ಯನಗಿರಿ ಹತ್ತೋವಾಗ ಅದು ಹಲಗೆ, ಮಧ್ಯಾಹ್ನ ಚಿತ್ರದುರ್ಗದ ಬಿಸಿಲಲ್ಲಿ ಅದೇ ಮುದ್ದೆ. ಮೇಲೆ ಅರ್ಧ ಇಂಚು ಇದ್ರೆ ಸಾಕು.

ಜೆಲ್ ವಿಷಯ. ನನ್ನ ಹೊಟ್ಟೆಉರಿ ಪಕ್ಕಕ್ಕಿಟ್ಟು ಹೇಳ್ತೀನಿ, ಜೆಲ್ ಭಾರವನ್ನ ಹರಡುತ್ತೆ, ಸಣ್ಣ ನಡುಕ ಸ್ವಲ್ಪ ತಡೀಬಹುದು, ಆದ್ರೆ ಅದುಮಿಕೊಂಡು ಮೇಲೆ ಬರೋ ಗುಣ ಅದಕ್ಕಿಲ್ಲ, ಕೆಳಗಿನ ಸ್ಪಾಂಜ್ ಚೆನ್ನಾಗಿದ್ರೆ ಮಾತ್ರ ಕೆಲಸ. ಜೊತೆಗೆ ಬಿಸಿಲನ್ನ ಹಿಡಿದಿಟ್ಕೊಳ್ಳುತ್ತೆ. ಏಪ್ರಿಲಲ್ಲಿ ಹೊಸಪೇಟೆಲಿ ಊಟಕ್ಕೆ ಅಂತ ಅರ್ಧ ಗಂಟೆ ಬಿಸಿಲಲ್ಲಿ ನಿಲ್ಸಿ ಬಂದು ಕೂತೆ, ಕಾವಲಿ ಮೇಲೆ ದೋಸೆ ಹುಯ್ದಂಗಾಯ್ತು. ರೆಕ್ಸಿನ್ ಮಾತ್ರ ಇದ್ರೆ ಒಂದು ಲೋಟ ನೀರು ಹಾಕಿ ಒರೆಸಿದ್ರೆ ತಣ್ಣಗಾಗುತ್ತೆ, ಜೆಲ್ ಬಿಸಿ ಒಳಗಿಂದ ಬರ್ತಾನೇ ಇರುತ್ತೆ.

ಯಾವ ಸೀಟಾದ್ರೂ ಸರಿ, ಹೆಬ್ಬೆರಳಲ್ಲಿ ಒತ್ತಿ ತೀರ್ಮಾನ ಮಾಡ್ಬೇಡಿ. ಸೀಟನ್ನ ನೆಲದ ಮೇಲಿಟ್ಟು, ನೀವು ಕೂರೋ ಜಾಗದಲ್ಲಿ ಒಂದು ಮಂಡಿ ಊರಿ ಪೂರ್ತಿ ಭಾರ ಬಿಡಿ, ಒಂದು ನಿಮಿಷ ಹಂಗೇ ಇರಿ. ಮಂಡಿಗೆ ಕೆಳಗಿನ ತಟ್ಟೆ ತಾಗಿದ್ರೆ ಆ ಸೀಟು ಬೇಡ. ಮಂಡಿ ಚಿಪ್ಪು ಒಂದು ದೊಡ್ಡ ಕೂರೋ ಮೂಳೆ ಅಂದ್ಕೊಳಿ, ಅದಕ್ಕೆ ಆಗದ್ದು ಇದಕ್ಕೂ ಆಗಲ್ಲ.

ಸ್ಟೆಪ್ 6: ಯಾವ ದಾರಿ ಹಿಡೀಬೇಕು

ವರ್ಷಕ್ಕೆ ಎರಡು ಮೂರು ಲಾಂಗ್ ರೈಡ್ ಅಷ್ಟೇ ಅಂದ್ರೆ ಗಾಳಿ ಕುಶನ್ ತಗೊಳಿ, ಸೀಟ್ ಮುಟ್ಟೋದೇ ಬೇಡ. ಏರ್‌ಹಾಕ್ ಇದರಲ್ಲಿ ಹಳೇ ಹೆಸರು, ವೀಲ್‌ಚೇರಲ್ಲಿ ದಿನವಿಡೀ ಕೂರೋರಿಗೆ ಹುಣ್ಣಾಗದಿರಲಿ ಅಂತ ಮಾಡಿದ ಗಾಳಿ ದಿಂಬಿನ ತಂತ್ರಾನೇ ಅದಕ್ಕೆ ಮೂಲ. ಈಗ ಕಮ್ಮಿ ದುಡ್ಡಿನವೂ ಬೇಕಾದಷ್ಟು ಇವೆ. ಇದರಲ್ಲಿ ಎಲ್ರೂ ಮಾಡೋ ತಪ್ಪು ಗಾಳಿ ಬಿಗಿಯಾಗಿ ತುಂಬೋದು, ಆಗ ಬಲೂನ್ ಮೇಲೆ ಕೂತಂಗೆ ಆ ಕಡೆ ಈ ಕಡೆ ತೇಲಾಡ್ತೀರ, ತಿರುವಲ್ಲಿ ಗಾಡಿ ಕಂಟ್ರೋಲೂ ಸರಿ ಇರಲ್ಲ. ಪೂರ್ತಿ ತುಂಬಿ, ಮೇಲೆ ಕೂತು, ವಾಲ್ವ್ ಬಿಚ್ಚಿ ಗಾಳಿ ಬಿಡ್ತಾ ಬನ್ನಿ, ಮೂಳೆಗೂ ಸೀಟಿಗೂ ನಡುವೆ ಒಂದು ಬೆರಳು ದಪ್ಪ ಉಳಿದಾಗ ನಿಲ್ಸಿ. ಇನ್ನೊಂದು ವಿಷಯ, ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರ, ಇಲ್ಲಿ ತುಂಬಿದ ಗಾಳಿ ಘಾಟಿಳಿದು ಮಂಗಳೂರು ತಲುಪೋಷ್ಟ್ರಲ್ಲಿ ಹೊರಗಿನ ಒತ್ತಡ ಜಾಸ್ತಿ ಆಗಿ ಕುಶನ್ ಸೊರಗಿರುತ್ತೆ, ಪಂಚರ್ ಅಂದ್ಕೊಂಡು ನಾನು ಉಪ್ಪಿನಂಗಡೀಲಿ ನಿಲ್ಸಿ ಸೋಪಿನ ನೀರು ಹಾಕಿ ಹುಡುಕಿದ್ದೆ. ಲಡಾಖ್ ಕಡೆ ಹೋಗೋರಿಗೆ ಇದೇ ಉಲ್ಟಾ, ಮೇಲೆ ಹೋದಷ್ಟೂ ಉಬ್ಬಿ ಬಿಗಿಯಾಗುತ್ತೆ, ಗಾಳಿ ಬಿಡ್ತಾ ಹೋಗ್ಬೇಕು.

ಕಂಪನಿ ಟೂರಿಂಗ್ ಸೀಟು ಸಿಗೋ ಗಾಡಿ ನಿಮ್ಮದಾದ್ರೆ, ರಾಯಲ್ ಎನ್‌ಫೀಲ್ಡ್‌ನವ್ರು ಅವರ ಆ್ಯಕ್ಸೆಸರಿಯಲ್ಲೇ ಮಾರ್ತಾರೆ, ಅದೇ ಸೀಟಿರೋ ಗೆಳೆಯರ ಗಾಡಿ ಒಂದು ದಿನ ಓಡಿಸಿ ಆಮೇಲೆ ತಗೊಳಿ. ಲಾಕ್ ಸರಿಯಾಗಿ ಕೂರುತ್ತೆ, ಫಿಟ್ಟಿಂಗ್ ತಲೆನೋವಿಲ್ಲ. ಹೊಂದದೆ ಇದ್ರೆ ಮಾತ್ರ ಏನೂ ಮಾಡೋಕಾಗಲ್ಲ.

ನಿಮ್ಮ ಅಳತೆಗೇ ಬೇಕು ಅಂದ್ರೆ ಕುಶನ್ ಕೆಲಸದವ್ರೇ ಗತಿ. ಬೆಂಗಳೂರಲ್ಲಿ ಜೆ.ಸಿ. ರೋಡ್ ಇದಕ್ಕೆ ಮೊದಲಿಂದಾನೂ ಹೆಸರುವಾಸಿ, ಬೇರೆ ಊರುಗಳಲ್ಲೂ ಸೀಟ್ ಕವರ್ ಹೊಲಿಯೋರು ಇದ್ದೇ ಇರ್ತಾರೆ. ನನಗೆ ಕೊನೆಗೆ ಸರಿಹೋಗಿದ್ದು ಇದೇ.

ಸ್ಟೆಪ್ 7: ಅಂಗಡೀಲಿ ಹೆಂಗೆ ಮಾಡಿಸ್ಬೇಕು

ಸಾಧ್ಯ ಆದ್ರೆ ಗುಜರಿಯಲ್ಲೋ ಆನ್‌ಲೈನಲ್ಲೋ ನಿಮ್ಮ ಮಾಡೆಲ್ಲಿನ ಇನ್ನೊಂದು ಹಳೇ ಸೀಟ್ ತಗೊಂಡು ಅದರ ಮೇಲೆ ಕೆಲಸ ಮಾಡಿಸಿ, ಒರಿಜಿನಲ್ ಮುಟ್ಬೇಡಿ. ಬೆಳಿಗ್ಗೆನೇ ಹೋಗಿ, ಮುಂದೇನೇ ನಿಂತು ಮಾಡಿಸಿ, "ಬಿಟ್ಟು ಹೋಗಿ ಸಾರ್ ಸಂಜೆ ಬನ್ನಿ" ಅಂದ್ರೆ ಬೇಡ.

ನಾನು ಹೋದ ಕಡೆ ಒಬ್ರು ವಯಸ್ಸಾದ ಭಾಯ್ ಇದ್ರು. ಸ್ಕ್ರೂಡ್ರೈವರ್ ತುದೀಲಿ ಒಂದೊಂದೇ ಪಿನ್ ಎಬ್ಬಿಸಿ ಕವರ್ ಸುಲಿದ್ರು, ಒಳಗಿನ ಸ್ಪಾಂಜ್ ಮೇಲೆ ನನ್ನ ಎರಡು ಮೂಳೆ ಗುಳಿ ಹಂಗೇ ಅಚ್ಚು ಬಿದ್ದಿತ್ತು, ಸುತ್ತ ಹಳದಿ, ಗುಳಿ ಹತ್ರ ಕಂದು ಬಣ್ಣಕ್ಕೆ ತಿರುಗಿ ಪುಡಿ ಉದುರ್ತಿತ್ತು. ನಾನು ಭಾಯ್ ಇನ್ನೂ ಸ್ವಲ್ಪ ಮೆತ್ತಗೆ ಮಾಡಿ ಅಂದೆ. ಅವರು ನಗ್ತಾ "ಮೆತ್ತಗೆ ಬೇಕಂದ್ರೆ ಮಾಡ್ಕೊಡ್ತೀನಿ ಸಾರ್, ಆದ್ರೆ ವಾಪಸ್ ಬರ್ತೀರ" ಅಂದ್ರು. ಆ ಮಾತಿಗೇ ಅವರಿಗೆ ಕೆಲಸ ಕೊಟ್ಟೆ.

ಅವರು ಮಾಡಿದ್ದು ಹಿಂಗೆ, ನೀವೂ ಹಿಂಗೇ ಕೇಳಿ. ಗುಳಿ ಬಿದ್ದ ಜಾಗ ಚೌಕಾಕಾರವಾಗಿ ಕತ್ತರಿಸಿ ತೆಗೆದು ಗಟ್ಟಿ ಎಚ್‌ಆರ್ ತುಂಡು ಕೂರಿಸಿದ್ರು, ಮುಂದೆ ಬೆಣೆ ಕೊಟ್ರು, ಮೇಲೆ ಇಡೀ ಸೀಟಿಗೆ ಅರ್ಧ ಇಂಚು ಮೆತ್ತನೆ ಪದರ ಎಳೆದ್ರು. ಕೆಳಗೆ ಗಟ್ಟಿ, ಮೇಲೆ ಮೆತ್ತಗೆ, ಈ ಲೆಕ್ಕ ಉಲ್ಟಾ ಆಗ್ಬಾರ್ದು. ಗಮ್ ಅಂಚಿಗೆ ಮಾತ್ರ ತೆಳ್ಳಗೆ ಹಚ್ಚಲಿ, ಕೂರೋ ಜಾಗದಲ್ಲಿ ದಪ್ಪಗೆ ಬಳಿದ್ರೆ ಒಣಗಿ ಗೆರೆ ಥರ ಗಟ್ಟಿಯಾಗಿ ಚುಚ್ಚುತ್ತೆ.

ಕವರ್ ಹಾಕೋ ಮುಂಚೆ ತಡೀರಿ, ಇದೇ ಈ ಇಡೀ ಬರಹದಲ್ಲಿ ನಿಮಗೆ ಜಾಸ್ತಿ ದುಡ್ಡು ಉಳಿಸೋ ಮಾತು. ಬರೀ ಸ್ಪಾಂಜ್ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ, ಒಂದು ಹಳೇ ಬೆಡ್‌ಶೀಟ್ ಬಿಗಿಯಾಗಿ ಸುತ್ತಿ ಟೇಪ್ ಹಾಕಿ ಗಾಡಿಗೆ ಕೂರಿಸಿ, ಒಂದು ವಾರ ಓಡಾಡಿ. ಜನ ನೋಡ್ತಾರೆ, ನೋಡಲಿ. ಎಲ್ಲಿ ಒತ್ತುತ್ತೆ ಅನ್ಸುತ್ತೋ ಅಲ್ಲಿ ಮಾರ್ಕರ್ ಹಾಕಿ ವಾಪಸ್ ಹೋಗಿ, ಅವರು ಗ್ರೈಂಡರ್‌ಗೆ ಉಪ್ಪುಕಾಗದದ ಡಿಸ್ಕ್ ಹಾಕಿ ಎರಡು ನಿಮಿಷದಲ್ಲಿ ಸವರಿ ಕೊಡ್ತಾರೆ. ಕವರ್ ಹೊಲಿದ್ಮೇಲೆ ಇದೇ ಕೆಲಸಕ್ಕೆ ಪೂರ್ತಿ ಬಿಚ್ಬೇಕು.

ಕವರ್‌ಗೆ ಜಾರದ ಮೇಲ್ಮೈ ಇರೋ ರೆಕ್ಸಿನ್ ತಗೊಳಿ, ಆದ್ರೆ ತೀರಾ ಹಿಡಿಯೋದು ಬೇಡ, ಜರುಗೋಕೆ ಆಗ್ಬೇಕು. ಹೊಲಿಗೆ ಯಾವುದೂ ಕೂರೋ ಜಾಗದ ಮೇಲೆ ಬರದಂಗೆ ನೋಡ್ಕೊಳಿ, ಆ ಡೈಮಂಡ್ ಡಿಸೈನ್ ಚೆಂದ ಕಾಣುತ್ತೆ, ಆದ್ರೆ ಪ್ರತಿ ಸೂಜಿ ತೂತೂ ಮಳೆಗಾಲದಲ್ಲಿ ನೀರು ಕುಡಿಯುತ್ತೆ. ಸ್ಪಾಂಜ್ ಒಂದ್ಸಲ ನೀರು ಕುಡಿದ್ರೆ ಆಗುಂಬೆ ಕಡೆ ಮಳೇಲಿ ಮೂರು ದಿನ ಒಣಗಲ್ಲ, ಕೂತಾಗೆಲ್ಲ ಪಚಕ್ ಅನ್ನುತ್ತೆ. ಸ್ಪಾಂಜಿಗೂ ರೆಕ್ಸಿನ್‌ಗೂ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಹಾಕಿಸಿ, ಪಿನ್ ತುಕ್ಕು ಹಿಡೀದೇ ಇರೋ ಸ್ಟೀಲಿಂದು ಹೊಡಿಸಿ, ಬೇಸ್‌ಗಿಂತ ಉದ್ದದ ಪಿನ್ ಆದ್ರೆ ಆಚೆ ಬಂದು ವೈರಿಂಗ್‌ಗೆ ಚುಚ್ಚಬಹುದು. ಕೊನೇಲಿ ಕೆಳಗಿನ ರಬ್ಬರ್ ಬುಷ್‌ಗಳು ಎಲ್ಲಾ ವಾಪಸ್ ಕೂತಿವೆಯಾ, ಲಾಕ್ ಟಕ್ ಅಂತ ಬೀಳ್ತಿದೆಯಾ ನೋಡಿ, ಬೀಳ್ದೇ ಇದ್ರೆ ಸೀಟು ಒಂದು ಕಡೆ ಅಲ್ಲಾಡುತ್ತೆ.

ಸೀಟ್ ಮೇಲಿನ ಬೆಲ್ಟ್ ಕಿತ್ತು ಹಾಕೋಣ್ವಾ ಅಂತ ಕೇಳ್ತಾರೆ, ನೋಡೋಕೆ ಕ್ಲೀನ್ ಕಾಣುತ್ತೆ ಅಂತ. ಪಿಲಿಯನ್ ಕೂರೋರಿಗೆ ಹಿಡ್ಕೊಳ್ಳೋಕೆ ಗಟ್ಟಿ ಹಿಡಿ, ಕಾಲಿಡೋಕೆ ಫುಟ್‌ರೆಸ್ಟ್, ಚಕ್ರಕ್ಕೆ ಬಟ್ಟೆ ಸಿಗದಂಗೆ ಗಾರ್ಡ್ ಇರ್ಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತೆ, ನಿಮ್ಮ ಗಾಡೀಲಿ ಬೇರೆ ಗ್ರ್ಯಾಬ್ ರೈಲ್ ಇಲ್ಲ ಅಂದ್ರೆ ಆ ಬೆಲ್ಟ್ ಬೇಕೇ ಬೇಕು.

ಹಿಂದೆ ಕೂರೋರನ್ನೂ ಕೇಳಿ

ನಾನು ನನ್ನ ಜಾಗ ಮಾತ್ರ ಸರಿ ಮಾಡಿಸ್ಕೊಂಡು ಬಂದಾಗ ಮನೆಯವಳು "ನಿಮಗೆ ಸಿಂಹಾಸನ, ನನಗೆ ಮಣೆ" ಅಂದ್ಲು. ನ್ಯಾಯಾನೇ. ಹಿಂದೆ ಕೂತೋರು ಸರಿಯಾಗಿ ಹಿಂದಿನ ಚಕ್ರದ ಮೇಲಿರ್ತಾರೆ, ಹಂಪು ಬರೋದು ಅವರಿಗೆ ಕಾಣಲ್ಲ, ಕಾಲು ಊರಿ ಏಳೋಕೂ ಆಗಲ್ಲ. ಅವರ ಜಾಗ ಹಿಂದಕ್ಕೆ ವಾಲಿರ್ಬಾರ್ದು, ವಾಲಿದ್ರೆ ಜಾರಿ ಬೀಳೋ ಭಯಕ್ಕೇ ಮೈ ಬಿಗಿ ಹಿಡ್ಕೊಂಡು ಕೂತಿರ್ತಾರೆ. ಅಮ್ಮನೋ ಅತ್ತೆಯೋ ಸೀರೆ ಉಟ್ಕೊಂಡು ಒಂದೇ ಕಡೆ ಕಾಲು ಹಾಕಿ ಕೂರೋದಾದ್ರೆ ಅಗಲ ಇನ್ನೂ ಮುಖ್ಯ, ಆದ್ರೆ ಹಂಗೆ ಲಾಂಗ್ ಕರ್ಕೊಂಡು ಹೋಗ್ಲೇಬೇಡಿ, ಬಸ್ ಹತ್ತಿಸಿ.

ಸ್ಟೆಪ್ 8: ಟೆಸ್ಟ್ ಮಾಡೋದು

ಹತ್ತು ನಿಮಿಷ ಬಡಾವಣೆ ಸುತ್ತಿದ್ರೆ ಎಲ್ಲಾ ಸೀಟೂ ಚೆನ್ನಾಗೇ ಇರುತ್ತೆ. ಮೊದಲು ನೋಟ್ ಮಾಡಿದ್ರಲ್ಲ, ಅದೇ ರೋಡು, ಅದೇ ಪ್ಯಾಂಟು, ಅದೇ ಟೈಮು. ನಾನು ಮೈಸೂರು ರೋಡ್ ಹಿಡಿದೆ, 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡಲ್ಲ, ಸರ್ವಿಸ್ ರೋಡಲ್ಲೇ ಹೋಗ್ಬೇಕು, ಹಂಪು ಗುಂಡಿ ಟ್ರ್ಯಾಕ್ಟರ್ ಎಲ್ಲಾ ಇರೋದ್ರಿಂದ ಸೀಟ್ ಟೆಸ್ಟಿಗೆ ಅದಕ್ಕಿಂತ ಒಳ್ಳೆ ರೋಡ್ ಸಿಗಲ್ಲ. ಮದ್ದೂರಲ್ಲಿ ವಡೆ ತಿನ್ನೋಕೆ ನಿಲ್ಸಿ ಕೂತ್ಕೊಂಡೇ ತಿಂದೆ. ಹೊಸ ಸ್ಪಾಂಜ್ ಮೊದಲ ಕೆಲವು ರೈಡಲ್ಲಿ ಬಿಗಿ ಅನ್ಸುತ್ತೆ, ಗಾಬರಿ ಬೇಡ, ಒಂದು ಐನೂರು ಕಿಲೋಮೀಟರ್ ಆದ್ಮೇಲೆ ತೀರ್ಮಾನ ಮಾಡಿ.

ಎಂಥಾ ಸೀಟಾದ್ರೂ ಎಂಬತ್ತು ನೂರು ಕಿಲೋಮೀಟರಿಗೊಂದ್ಸಲ ಇಳೀರಿ, ಹಂಪಲ್ಲಿ ಫುಟ್‌ಪೆಗ್ ಮೇಲೆ ಸ್ವಲ್ಪ ಎದ್ದು ಹೋಗಿ, ರಕ್ತ ಓಡಾಡಲಿ. 24 ಗಂಟೇಲಿ ಸಾವಿರ ಮೈಲಿ, ಅಂದ್ರೆ ಸುಮಾರು 1,609 ಕಿ.ಮೀ. ಓಡಿಸೋರಿಗೆ ಐರನ್ ಬಟ್ ಅಸೋಸಿಯೇಷನ್‌ನವ್ರು ಸರ್ಟಿಫಿಕೇಟ್ ಕೊಡ್ತಾರೆ, ಅದರ ಹೆಸರೇ ಸ್ಯಾಡಲ್‌ಸೋರ್, ಕನ್ನಡದಲ್ಲಿ ಹೇಳೋದಾದ್ರೆ ಕೂತು ಕೂತು ಆದ ಹುಣ್ಣು. ಕಬ್ಬಿಣದ ಅಂಡಿನವ್ರೇ ಹಂಗೆ ಹೆಸರಿಟ್ಟಿರೋವಾಗ ನಮ್ಮದೇನು.

ಒರಿಜಿನಲ್ ಸೀಟ್ ಎಸೀಬೇಡಿ, ಗಾಡಿ ಮಾರೋವಾಗ ಬೇಕಾಗುತ್ತೆ. ಆದ್ರೆ ಅಟ್ಟದ ಮೇಲೆ ಹಂಗೇ ಇಡ್ಬೇಡಿ, ಗೋಣಿಚೀಲ ಅಂತೂ ಬೇಡ್ವೇ ಬೇಡ, ನನ್ನದರಲ್ಲಿ ಇಲಿ ಮರಿ ಹಾಕಿತ್ತು. ದಪ್ಪ ಪ್ಲಾಸ್ಟಿಕ್ ಡ್ರಮ್ಮಲ್ಲಿ ಹಾಕಿ ಮುಚ್ಚಳ ಬಿಗಿ ಮಾಡಿ ಇಡಿ.